ನಾಲ್ಕು ಗಾಲಿಯ ಎತ್ತು ಹುಡುಕಿಕೊಂಡು ಪರದೇಶಕ್ಕೆ

ಮೈಸೂರು, ಹೊರಡುವ ಮುಂಚೆ

ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರೆಲ್ಲ ಒಂದಲ್ಲ ಒಂದು ದೇಶ ನೋಡಿ ಬಂದವರು. ಮೊನ್ನೆ ಬ್ಯಾಗು ಹೆಗಲಿಗೇರಿಸಿ ಹೊರಟ ನನ್ನನ್ನೂ ತಡೆದು, ಯಾವ ದೇಶ ಮೇಷ್ಟ್ರೇ ಎಂದು ಕೇಳಿದರು. ಹಳಿಯಾಳ, ದಾಂಡೇಲಿ, ಜೋಯಿಡಾ ಎಂದೆ. ನಕ್ಕರು. ನಗಲಿ. ನಾನೂ ಒಮ್ಮೆ ಗುಂಪಿನ ಪ್ರವಾಸದಲ್ಲಿ ಥೈಲ್ಯಾಂಡ್ ನೋಡಿದವನೇ. ಅಲ್ಲಿ ಐದು ದಿನವೂ ಉಪ್ಪಿಟ್ಟು ಸಿಕ್ಕಿತು, ಬಸ್ಸಿನಲ್ಲಿ ಪಕ್ಕ ಕೂತವರು ಮಂಡ್ಯದವರು. ಅದಕ್ಕೆ ಹೋಲಿಸಿದರೆ ಈ ತಾಲ್ಲೂಕುಗಳೇ ನನಗೆ ಹೆಚ್ಚು ಪರದೇಶ.

ಹೋಗಬೇಕಾಗಿ ಬಂದದ್ದು ನನ್ನ ಬಾಯಿಯ ದೆಸೆಯಿಂದ. ಜೋಯಿಡಾ ಕಡೆಯ ಒಂದು ಹಳ್ಳಿಯಲ್ಲಿ ನಾಗೇಶ ಎಂಬ ಗೆಳೆಯನಿದ್ದಾನೆ. ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಚಾರಣಕ್ಕೆ ಹೋಗುತ್ತಿದ್ದೆ, ಅವನು ನಮ್ಮ ಗೈಡು. ಮಾತು ಕಡಿಮೆ, ನಡಿಗೆ ಜಾಸ್ತಿ. ಅಂಥವನು ಎರಡು ವರ್ಷದ ಹಿಂದೆ ಹಲಸಿನ ಮರದಿಂದ ಬಿದ್ದು ಸೊಂಟದ ಕೀಲು ಮುರಿದುಕೊಂಡ. ಈಗ ನಡೆಯುತ್ತಾನೆ, ಆದರೆ ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಮಾತ್ರ. ಅವನ ಮನೆಯ ಹಿಂದಿನ ಗುಡ್ಡಕ್ಕೆ ಒಂದು ಹಳೆಯ ಗಾಡಿದಾರಿ ಹತ್ತುತ್ತದೆ. ಮೇಲೆ ಅವನದೇ ಗೇರು ತೋಟ, ಅದರ ಅಂಚಿನಲ್ಲಿ ಒಂದು ಬಂಡೆ. ಬೆಳಿಗ್ಗೆ ಅಲ್ಲಿ ಕೂತರೆ ಮಂಗಟ್ಟೆ ಹಕ್ಕಿಗಳು ತಲೆಯ ಮೇಲೇ ಹಾರಿ ಹೋಗುತ್ತವೆ. ಮನೆಯಲ್ಲಿ ಉಳಿಯಲು ಬರುವ ಅತಿಥಿಗಳನ್ನು ಆ ಬಂಡೆಗೆ ಕರೆದೊಯ್ಯುವುದೇ ಅವನ ಹೊಟ್ಟೆಪಾಡು. ಎರಡು ವರ್ಷದಿಂದ ಆ ಬಂಡೆಯನ್ನು ಅವನೇ ನೋಡಿಲ್ಲ. ಒಂದು ರೆಸಾರ್ಟಿನವರು ಗೇಟಿನಲ್ಲಿ ಕುರ್ಚಿ ಹಾಕಿ ಕೂರುವ ಕೆಲಸ ಕೊಡುತ್ತೇವೆ ಎಂದಿದ್ದರು. ಸೋಮವಾರದೊಳಗೆ ಹೂಂ ಅಥವಾ ಉಹುಂ ಹೇಳಬೇಕು.

ಅವನಿಗೆ ಆ ಕುರ್ಚಿ ಬೇಡ. ಹಳೆಯದೊಂದು ಎಟಿವಿ ಸಿಕ್ಕರೆ ಗುಡ್ಡ ಹತ್ತಬಹುದು ಎಂಬುದು ಅವನ ಲೆಕ್ಕ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾಲ್ಕು ದಪ್ಪ ಗಾಲಿ, ಬೈಕಿನ ಹ್ಯಾಂಡಲ್ಲು, ಜೀಪಿನ ಧಿಮಾಕು, ಅದು ಎಟಿವಿ. ಹೊಸದರ ಬೆಲೆ ಕೇಳಿದರೆ ಇನ್ನೊಂದು ಸೊಂಟವೂ ಮುರಿಯುತ್ತದೆ. ಹಳೆಯದರಲ್ಲಿ ಒಳ್ಳೆಯದನ್ನು ಆರಿಸಲು ತಿಳಿದವರು ಬೇಕು. ಥೈಲ್ಯಾಂಡಿನಲ್ಲಿ ಕಪ್ಪು ಕನ್ನಡಕ ಹಾಕಿ ಎಟಿವಿ ಮೇಲೆ ಕೂತ ನನ್ನ ಫೋಟೋ ಅವನ ಫೋನಿನಲ್ಲಿತ್ತು. ಬೆಟ್ಟಗುಡ್ಡ ಎಲ್ಲ ಸುತ್ತಿದೆ ಎಂದು ನಾನೇ ಕೊಚ್ಚಿಕೊಂಡಿದ್ದೆ. ನಿಜವೇನೆಂದರೆ ಸಮುದ್ರದ ಮರಳಿನ ಮೇಲೆ ಹದಿನೈದು ನಿಮಿಷ, ಹಿಂದೆ ಕ್ಯಾರಿಯರ್ ಹಿಡಿದು ಅಲ್ಲಿಯವನೊಬ್ಬ ಓಡಿ ಬರುತ್ತಿದ್ದ. ಫೋಟೋದಿಂದ ಅವನನ್ನು ಕತ್ತರಿಸಿ ಕಳಿಸಿದ್ದೆ.

"ಸರ್, ನೀವು ಒಮ್ಮೆ ಬಂದು ನೋಡ್ರಿ. ನೀವು ಹೂಂ ಅಂದ್ರ ತಗೋತೇನಿ," ಎಂದ ನಾಗೇಶ ಫೋನಿನಲ್ಲಿ. ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂದುಕೊಂಡು ಹೊರಟುಬಿಟ್ಟೆ.

ಹಳಿಯಾಳ

ಧಾರವಾಡದಲ್ಲಿ ರೈಲಿಳಿದು ಬಸ್ಸು ಹತ್ತಿದೆ. ಹಳಿಯಾಳ ಹತ್ತಿರವಾದಂತೆ ಕಬ್ಬಿನ ಲಾರಿಗಳ ಹಿಂದೆ ನಮ್ಮ ಬಸ್ಸು ಆಮೆಯಾಯಿತು. ಕಿಟಕಿಯಿಂದ ಬಂದ ಬೆಲ್ಲದ ವಾಸನೆಗೆ ಒಂದು ಕ್ಷಣ ಮಂಡ್ಯಕ್ಕೆ ಬಂದೆನೇ ಎನಿಸಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕೇಳಿದ್ದೇ ಆ ಭ್ರಮೆ ಕಳಚಿತು. ಹೋಟೆಲಿನವರು ನನ್ನನ್ನು ಕನಿಕರದಿಂದ ನೋಡಿ, ಆರಾಮ ಇಲ್ಲೇನ್ರಿ ಎಂದು ವಿಚಾರಿಸಿದರು. ಆಮೇಲೆ ಚಹಾ ಕೊಟ್ಟರು. ನಮ್ಮಲ್ಲಿ ಲೋಟದ ತುಂಬ ಕಾಫಿ ಹಿಡಿದು ಅರ್ಧ ಗಂಟೆ ರಾಜಕೀಯ ಮಾತಾಡುತ್ತೇವೆ. ಇಲ್ಲಿ ಬೆರಳಿನಷ್ಟು ಕಪ್ಪಿನ ಚಹಾ ಎರಡೇ ಗುಟುಕಿಗೆ ಮುಗಿಯುತ್ತದೆ, ರಾಜಕೀಯ ಮಾತ್ರ ಒಂದು ಗಂಟೆ ನಡೆಯುತ್ತದೆ.

ನಾಗೇಶ ಕೋಲು ಊರಿಕೊಂಡು ಕಾಯುತ್ತಿದ್ದ. ಜೊತೆಗೆ ಒಬ್ಬ ಹಿರಿಯರು: ಬಿಳಿ ಧೋತರ, ಹಣೆಗೆ ವಿಭೂತಿ, ಹೆಗಲಿಗೆ ಕೆಂಪಂಚಿನ ಟವೆಲ್ಲು. ಈರಪ್ಪ ಕಾಕಾ. ನಲವತ್ತು ವರ್ಷದಿಂದ ಎತ್ತಿನ ದಲ್ಲಾಳಿ, ನಾಗೇಶನಿಗೆ ಎಮ್ಮೆ ಕೊಡಿಸಿದವರೂ ಅವರೇ. ಯಂತ್ರ ನೋಡಲು ನಾನು, ಚೌಕಾಸಿಗೆ ಅವರು ಎಂದು ನಾಗೇಶ ಕೆಲಸ ಹಂಚಿದ. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡೆವು. ನನಗೆ ಅವರ ಬಗ್ಗೆ ಏನನ್ನಿಸಿತೋ ಅವರಿಗೂ ನನ್ನ ಬಗ್ಗೆ ಅದೇ ಅನ್ನಿಸಿರಬೇಕು.

ಊರ ಹೊರಗೆ ಕಬ್ಬು ಬೆಳೆಯುವ ಒಬ್ಬರ ಮನೆಯಂಗಳದಲ್ಲಿ ಮೊದಲ ಗಾಡಿ ನಿಂತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ದರಿಂದ ಮದುವೆ ಗಂಡಿನಂತೆ ಮಿನುಗುತ್ತಿತ್ತು. ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೀಟನ್ನು ಎರಡು ಸಲ ಒತ್ತಿ, ಸಸ್ಪೆನ್ಷನ್ ಚೆನ್ನಾಗಿದೆ ಎಂದೆ. ಎಟಿವಿ ಬಗ್ಗೆ ನನಗೆ ಗೊತ್ತಿದ್ದ ಒಂದೇ ಪದ ಅದು, ಅಲ್ಲಿಗೆ ಖರ್ಚಾಯಿತು.

ಈರಪ್ಪ ಕಾಕಾ ಇಂಜಿನ್ನಿನ ಮೇಲೆ ಅಂಗೈ ಇಟ್ಟರು. ಬಿಸಿ ಇತ್ತು. ಮುಂದಿನ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಒಳಗೆಲ್ಲೋ ಕಟಕಟ ಎಂದಿತು. ಇದು ಉಸಿರು ಎಲ್ಲಿಂದ ಎಳೀತೈತಿ ಎಂದು ಮಾಲೀಕರನ್ನೇ ಕೇಳಿ, ಗಾಳಿ ಸೋಸುವ ಡಬ್ಬಿ ಬಿಚ್ಚಿಸಿ ಬೆರಳು ಹಾಕಿ ತೆಗೆದರು. ಬೆರಳಿಗೆ ಕೆಂಪು ಮಣ್ಣು. ಚಹಾ ಕುಡಿದು, ಮನೆಯವರ ಮಕ್ಕಳು ಮರಿಯ ಯೋಗಕ್ಷೇಮ ಎಲ್ಲ ವಿಚಾರಿಸಿ, ಬರ್ತೇವ್ರಿ ಎಂದು ಹೊರಟೇಬಿಟ್ಟರು. ಆ ಸೀಮೆಯಲ್ಲಿ ಬೇಡ ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಮೈಸೂರಿನವರು ನಯಸ್ಥರು ಎಂದು ನಾವು ಜಂಬ ಕೊಚ್ಚುವುದು ಸುಮ್ಮನೆ.

ದಾರಿಯಲ್ಲಿ ವಿವರಿಸಿದರು. ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ಕೆಲವರು ಎತ್ತಿಗೆ ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸುತ್ತಾರಂತೆ. ಬಡಕಲು ಎತ್ತು ದುಂಡಗೆ ಕಾಣುತ್ತದೆ. ಮುಂಜಾನೆ ಚಾಲೂ ಆಗದ ಇಂಜಿನ್ನನ್ನು ಗಿರಾಕಿ ಬರುವ ಹೊತ್ತಿಗೆ ಬಿಸಿ ಮಾಡಿಡುವುದೂ ಅದೇ ಆಟ. ಆದ್ದರಿಂದ ಹೇಳದೆ ಕೇಳದೆ ನಸುಕಿನಲ್ಲಿ ಹೋಗಬೇಕು, ತಣ್ಣಗಿದ್ದಾಗ ಎಬ್ಬಿಸಿ ನೋಡಬೇಕು. ಇನ್ನೊಂದು ಮಾತೂ ಹೇಳಿದರು.

"ತಮ್ಮಾ, ಮೂರು ದಿನ ನಿನ್ನ ಹೊಲದಾಗ ಹೂಡಿ ನೋಡಲಾರದ ಯಾವ ಎತ್ತಿಗೂ ಪೂರಾ ರೊಕ್ಕ ಕೊಡಬ್ಯಾಡ."

ಎತ್ತು ಬೇರೆ, ಯಂತ್ರ ಬೇರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಗಣೇಶಗುಡಿ

ಮರುದಿನ ಈರಪ್ಪ ಕಾಕಾ ಒಂದು ಮದುವೆಗೆ ಹೋದರು. ಅವರಿಲ್ಲದ್ದು ನನಗೆ ಒಳಗೊಳಗೇ ಹಿತವಾಗಿತ್ತು. ಗಣೇಶಗುಡಿಯ ಹತ್ತಿರ ಒಂದು ರೆಸಾರ್ಟಿನವರು ಹಳೆಯ ಎಟಿವಿ ಮಾರುತ್ತಿದ್ದರು. ನಾಗೇಶನಿಗೆ ಗೇಟಿನ ಕುರ್ಚಿ ತೋರಿಸಿದ್ದು ಬೇರೆ ರೆಸಾರ್ಟು, ಇದು ಬೇರೆ. ನದಿಯ ದಂಡೆಯಲ್ಲಿ ರಬ್ಬರ್ ದೋಣಿ ಹತ್ತಲು ಬಂದವರು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ನೀರಿಗೆ ಇಳಿಯುವ ಮೊದಲೇ ಕಿರುಚುತ್ತಿದ್ದರು. ಎಲ್ಲರೂ ನಮ್ಮ ಕಡೆಯವರೇ ಎಂದು ಮಾತಿನಿಂದ ಗೊತ್ತಾಯಿತು. ಗುರುತು ಸಿಕ್ಕೀತೆಂದು ಆ ಕಡೆ ಮುಖ ತಿರುಗಿಸಿದೆ.

ಗಾಡಿ ಕೆಂಪಗಿತ್ತು. ಚೂಪು ಮೂತಿ, ಪಕ್ಕದಲ್ಲಿ ಬೆಂಕಿಯ ಚಿತ್ರ. ಥೈಲ್ಯಾಂಡಿನಲ್ಲಿ ನಾನು ಕೂತದ್ದು ಇಂಥದ್ದರ ಮೇಲೆಯೇ. ರೆಸಾರ್ಟಿನ ಮೈದಾನದಲ್ಲಿ ನಾನೇ ಒಂದು ಸುತ್ತು ಹೊಡೆದೆ. ಆ ಒಂದೇ ಸುತ್ತಿಗೆ ವಯಸ್ಸು ಇಪ್ಪತ್ತು ಇಳಿಯಿತು. ಪ್ರವಾಸಿಗರು ಕಾಂಪೌಂಡಿನ ಒಳಗೆ ಮಾತ್ರ ಓಡಿಸಿದ್ದು, ಹೊಸದರ ಹಾಗೇ ಇದೆ ಎಂದರು ಮ್ಯಾನೇಜರು. ದಿನಕ್ಕೊಬ್ಬ ಗಂಡ ಎಂದರೆ ಒಬ್ಬನೂ ಇಲ್ಲದ ಹಾಗೆ ಎಂಬಂಥ ಆ ಮಾತನ್ನು ನಾನು ನಂಬಿದೆ. ಗೇಟು ದಾಟಿದ ಮೇಲೆ ವಾಪಸಿಲ್ಲ ಎಂದೂ ಅವರು ಹೇಳಿದರು. ನಾಗೇಶ ನನ್ನ ಮುಖ ನೋಡಿದ.

"ತಗೋ ನಾಗೇಶ. ನಾನಿದ್ದೀನಲ್ಲ," ಎಂದೆ.

ಅವನು ಮುಂಗಡ ಕೊಟ್ಟ. ಸಂಜೆಯೊಳಗೆ ಗಾಡಿ ಪಿಕಪ್ಪಿನಲ್ಲಿ ಅವನ ಮನೆಗೆ ಬಂತು.

ಜೋಯಿಡಾ, ಗುಡ್ಡದ ಅರ್ಧದಲ್ಲಿ

ನಾಗೇಶನ ಹೆಂಡತಿ ಸುಮಿತ್ರಾ ಬೆಳಿಗ್ಗೆ ಗಾಡಿಗೆ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಗಂಡ ಹೆಂಡತಿ ಕೊಂಕಣಿಯಲ್ಲಿ ಏನೋ ಮಾತಾಡಿಕೊಂಡು ನಕ್ಕರು. ಎರಡು ವರ್ಷದಲ್ಲಿ ಅವನು ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಅವಳೇ ನನಗೆ ಹೇಳಿದಳು. ಅರಣ್ಯದ ಗಡಿಗೆ ಗಾಲಿ ತಾಗಬಾರದು, ನಿಮ್ಮ ಗಾಡಿದಾರಿ ಎಷ್ಟಿದೆಯೋ ಅಷ್ಟೇ ಎಂದು ಫಾರೆಸ್ಟ್ ಗಾರ್ಡು ಮೊದಲೇ ಎಚ್ಚರಿಸಿದ್ದರು. ನಾಗೇಶ ಹತ್ತಿದ, ನಾನು ಹಿಂದೆ ನಡೆದೆ.

ಅರ್ಧ ಗುಡ್ಡ ಸಲೀಸಾಗಿ ಏರಿತು. ತಿರುವಿನಲ್ಲಿ ಒಂದು ಮತ್ತಿ ಮರ ದಾರಿಗೆ ಅಡ್ಡ ಬಿದ್ದಿತ್ತು. ಎಡಕ್ಕೆ ಗುಡ್ಡದ ಗೋಡೆ, ಬಲಕ್ಕೆ ಇಳಿಜಾರು. ಹಿಂದಕ್ಕೆ ತಗೊಂಡು ಕೆಳಗಿನ ಬಯಲಿನಲ್ಲಿ ತಿರುಗಿಸಬೇಕು, ಅಷ್ಟೇ. ನಾಗೇಶ ಹ್ಯಾಂಡಲ್ಲಿನ ಆಚೀಚೆ ತಡಕಿದ. ನಾನೂ ಬಗ್ಗಿ ತಡಕಿದೆ. ಆ ಗಾಡಿಗೆ ರಿವರ್ಸ್ ಗೇರೇ ಇರಲಿಲ್ಲ. ಮೈದಾನದಲ್ಲಿ ಗುಂಡಗೆ ಸುತ್ತುವ ಗಾಡಿಗೆ ಅದು ಯಾಕೆ ಬೇಕು? ಥೈಲ್ಯಾಂಡಿನಲ್ಲಿ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದವನು ಫೋಟೋದಿಂದ ನಾನು ಕತ್ತರಿಸಿದ ಆ ಮನುಷ್ಯ.

ಮುಂದೆ ನುಗ್ಗಿಸಿ ತಿರುಗಿಸೋಣ ಎಂದು ಸಲಹೆ ಕೊಟ್ಟವನೂ ನಾನೇ. ಹಿಂದಿನ ಎರಡು ಗಾಲಿ ಕೆಂಪು ಮಣ್ಣು ತೋಡಿ ಹೂತವು. ಮುಂದಿನ ಎರಡಕ್ಕೆ ಇಂಜಿನ್ನಿನ ಎಳೆತವೇ ಇಲ್ಲ ಎಂಬುದು ಆಗ ತಿಳಿಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಇಲ್ಲಿ ಎತ್ತೂ ಕೋಣವೂ ನಾನೇ. ಓರೆಯಾಗಿ ನಿಂತ ಗಾಡಿಯಿಂದ ನಾಗೇಶನಿಗೆ ಇಳಿಯಲಾಗಲಿಲ್ಲ. ಸೊಂಟ ಆ ಕಡೆ ತಿರುಗುವುದಿಲ್ಲ. ನಾನು ಒಬ್ಬನೇ ಎಳೆದರೆ ಗಾಡಿಯ ಬದಲು ನನ್ನ ಬೆನ್ನು ಮಿಸುಕಿತು. ಅವನು ಮನೆಗೆ ಫೋನು ಮಾಡಿದ. ಜನ ಬರುವವರೆಗೆ ಅವನು ಸೀಟಿನ ಮೇಲೆ, ನಾನು ಮತ್ತಿ ಮರದ ಮೇಲೆ ಕೂತೆವು.

ಕೂತಲ್ಲಿ ನಿಜ ಹೇಳಿದೆ. ಹದಿನೈದು ನಿಮಿಷ, ಮರಳು, ಹಿಂದೆ ಓಡಿ ಬರುತ್ತಿದ್ದವನು, ಎಲ್ಲ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸರ್, ನಂದು ಒಂದು ಕಾಲು ಮೊದಲ ಹೋಗೇತಿ," ಎಂದ ನಿಧಾನವಾಗಿ. "ಇನ್ನೊಂದು ನಿಮ್ಮ ಮಾತಿನ ಮ್ಯಾಲೆ ಇಟ್ಟಿದ್ದೆ."

ನನಗೆ ಅಳು ಬಂತು. ಅರವತ್ತು ದಾಟಿದವನು, ಮತ್ತಿ ಮರದ ಮೇಲೆ ಕೂತು ಕಣ್ಣೊರೆಸಿಕೊಂಡೆ. ಅವನು ನೋಡಿಯೂ ನೋಡದವನಂತೆ ಇದ್ದ.

ಸುಮಿತ್ರಾ ಇಬ್ಬರು ನೆರೆಯವರನ್ನೂ ಹಗ್ಗವನ್ನೂ ಎಮ್ಮೆಯನ್ನೂ ಕರೆತಂದಳು. ಜನ ಅವನನ್ನು ಎತ್ತಿ ಇಳಿಸಿದರು. ಬೆಂಕಿಯ ಚಿತ್ರದ ಗಾಡಿಯನ್ನು ಎಮ್ಮೆ ಹಿಮ್ಮುಖವಾಗಿ ಎಳೆಯಿತು, ಯಾವ ಅವಸರವೂ ಇಲ್ಲದೆ, ನಡುವೆ ಒಮ್ಮೆ ನಿಂತು ಸಗಣಿ ಹಾಕಿ. ಮಧ್ಯಾಹ್ನ ಸುಮಿತ್ರಾ ನನಗೆ ಊಟಕ್ಕೆ ಬಡಿಸಿದಳು, ಇನ್ನೂ ಸ್ವಲ್ಪ ಹಾಕಲೇ ಎಂದು ಮಾತ್ರ ಕೇಳಲಿಲ್ಲ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ದಾಂಡೇಲಿ

ಸಂಜೆ ಈರಪ್ಪ ಕಾಕಾ ಮದುವೆ ಮುಗಿಸಿ ಬಂದರು. ನಡೆದದ್ದೆಲ್ಲ ಕೇಳಿ, ಗಾಡಿಯನ್ನು ಪಿಕಪ್ಪಿಗೆ ಹೇರಿಸಿ, ನಮ್ಮನ್ನೂ ಹತ್ತಿಸಿ, ದಾಂಡೇಲಿಯ ಅಂಬೇವಾಡಿಯಲ್ಲಿದ್ದ ಮ್ಯಾನೇಜರ ಮನೆಗೇ ಹೊರಟರು. ದಾಂಡೇಲಿ ಬೇರೆಯೇ ಸಾಮ್ರಾಜ್ಯ. ಕಾರ್ಖಾನೆಗೆಂದು ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನ. ಒಂದೇ ಅಂಗಡಿಯ ಮುಂದೆ ಹಿಂದಿ, ಮರಾಠಿ, ಉರ್ದು, ಕನ್ನಡ ಎಲ್ಲ ಕೇಳಿಸುತ್ತವೆ, ಯಾರೂ ಯಾರ ಭಾಷೆಗೂ ಸಿಟ್ಟಾಗುವುದಿಲ್ಲ. ನಾವು ಅಕ್ಕಪಕ್ಕದ ಬೀದಿಯವರೇ ಕನ್ನಡದಲ್ಲೇ ಸಾಕಷ್ಟು ಜಗಳವಾಡುತ್ತೇವೆ.

ಗೇಟು ದಾಟಿದೆ, ಮುಗೀತು ಎಂದು ಮ್ಯಾನೇಜರು ಹಳೆಯ ಪಾಠ ಶುರು ಮಾಡಿದರು. ಈರಪ್ಪ ಕಾಕಾ ಅವರ ಜೊತೆ ವಾದಕ್ಕೆ ಹೋಗಲೇ ಇಲ್ಲ. ಒಳಗಿನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಮ್ಯಾನೇಜರ ತಾಯಿಯನ್ನು ಮಾತಾಡಿಸಿದರು. ಯಾವೂರವರು, ಯಾರ ಮನೆಯವರು ಎಂದು ವಿಚಾರಿಸಿದಾಗ ಹಳಿಯಾಳದ ಕಡೆಯ ಒಕ್ಕಲು ಮನೆತನ ಎಂದು ತಿಳಿಯಿತು. ಆಗ ಕೇಳಿದರು:

"ತಂಗೀ, ಹೊಲದಾಗ ಹೂಡಿದ ಮೊದಲನೇ ದಿನಾನ ಎತ್ತು ಸಾಲಿನಾಗ ಮಕ್ಕೊಂಡ್ರ ಏನು ಮಾಡೂದು ಪದ್ಧತಿ?"

"ಮಾರಿದಾಂವ ಹೊಡಕೊಂಡು ಹೋಗಬೇಕು, ಸಂಚಕಾರ ತಿರುಗಿ ಕೊಡಬೇಕು," ಎಂದರು ಆ ತಾಯಿ, ಎರಡೂ ಎರಡೂ ನಾಲ್ಕು ಎಂದಷ್ಟು ಸಲೀಸಾಗಿ. ಸಂಚಕಾರ ಎಂದರೆ ಅಲ್ಲಿ ಮುಂಗಡ. ಆಮೇಲೆ ಯಾವ ಎತ್ತು ಎಂದು ಕೇಳಿದರು. ಕಾಕಾ ಮೊದಲು ಪಿಕಪ್ಪಿನ ಮೇಲಿದ್ದ ಗಾಡಿಯ ಕಡೆ, ಆಮೇಲೆ ಆ ತಾಯಿಯ ಮಗನ ಕಡೆ ಬೆರಳು ತೋರಿಸಿದರು. ನಂತರದ ಹತ್ತು ನಿಮಿಷ ನಾನು ಬೀದಿಯ ಕಡೆ ನೋಡುತ್ತಾ ನಿಂತೆ. ಬೆಳೆದ ಮಗ ತಾಯಿಯಿಂದ ಬೈಸಿಕೊಳ್ಳುವುದನ್ನು ಪರದೇಶದಲ್ಲಿ ಕೂಡ ನೋಡಬಾರದು. ಮುಂಗಡ ವಾಪಸು ಬಂತು.

ಹೊರಗೆ ಬಂದ ಮೇಲೆ ಕಾಕಾ ಇನ್ನೊಂದು ಗಾಡಿಯ ಸುದ್ದಿ ತೆಗೆದರು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಅವರಿಂದ ಆಕಳು ಕೊಂಡ ಒಬ್ಬ ಅಜ್ಜನಿದ್ದಾನೆ, ಅವನ ಹತ್ತಿರ ಇದೆ, ನೋಡಲು ಕುರೂಪ. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ನೀವು ಫಾರಿನ್ನಿನಾಗ ಓಡಿಸಿದವರು ಅದೀರಿ ಅಂತ ಸುಮ್ಮನಿದ್ದೆ ಮಾಸ್ತರ್ರ," ಎಂದರು. ಮುಖದಲ್ಲಿ ನಗುವಿರಲಿಲ್ಲ.

ಮುಂಡಗೋಡ

ಹೇಳದೆ ಕೇಳದೆ ನಸುಕಿನಲ್ಲಿ ಹೋದೆವು. ಅಂದು ಭಾನುವಾರ. ಮೆಕ್ಕೆಜೋಳದ ಹೊಲಗಳ ನಡುವೆ ಸಾಲು ಮನೆಗಳು, ಬಣ್ಣ ಬಣ್ಣದ ಮಂತ್ರದ ಬಾವುಟಗಳು, ಕೆಂಪು ವಸ್ತ್ರದ ಭಿಕ್ಷುಗಳು. ಈಗಲಾದರೂ ನಿಜವಾದ ಪರದೇಶಕ್ಕೆ ಬಂದೆ, ಇಲ್ಲಾದರೂ ನನ್ನ ಇಂಗ್ಲಿಷು ಕೆಲಸಕ್ಕೆ ಬಂದೀತು ಎಂದು ನಾನು ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದ ದೋರ್ಜೆ ಅಜ್ಜ, "ಬರ್ರಿ ಈರಪ್ಪಾರ, ಇಷ್ಟು ನಸುಕಿನ್ಯಾಗ ಯಾಕ ಬಂದ್ರಿ, ಒಳಗ ಬರ್ರಿ," ಎಂದರು. ನನ್ನ ಕನ್ನಡ ಕೇಳಿ ಕಾಕಾನ ಕಡೆ ತಿರುಗಿ, ಇವರು ಯಾವ ದೇಶದವರು ಎಂದು ವಿಚಾರಿಸಿದರು.

ಗಾಡಿ ದನದ ಕೊಟ್ಟಿಗೆಯಲ್ಲಿತ್ತು. ಮಣ್ಣಿನ ಬಣ್ಣ, ಮುಂದೆ ಹಿಂದೆ ಮೇವು ಹೇರುವ ಕಬ್ಬಿಣದ ಕ್ಯಾರಿಯರ್, ಇಬ್ಬರು ಕೂರುವಷ್ಟು ಉದ್ದದ ಹರಿದ ಸೀಟು, ಅದರ ಮೇಲೆ ಒಂದು ಕೋಳಿ. ನಾನು ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತೆ. ಈರಪ್ಪ ಕಾಕಾ ಅಂಗೈ ಇಟ್ಟರು: ತಣ್ಣಗಿತ್ತು. ಗಾಲಿ ಅಲ್ಲಾಡಿಸಿದರು: ಸದ್ದಿಲ್ಲ. ಗಾಳಿ ಡಬ್ಬಿಯಲ್ಲಿ ಬೆರಳು ಹಾಕಿದರು: ಒಂದಿಷ್ಟು ಹೊಟ್ಟು, ಮಣ್ಣಿಲ್ಲ. ಕೆಳಗೆ ಮಲಗಿ ಚಾಸಿಯ ಉದ್ದಕ್ಕೂ ಉಗುರು ಎಳೆದು ಬೆಸುಗೆ ಹಾಕಿದ ಗುರುತು ಹುಡುಕಿದರು, ಎತ್ತಿನ ಹೆಗಲಲ್ಲಿ ನೊಗದ ಹುಣ್ಣು ಹುಡುಕುವಂತೆ. ಎದ್ದು ನಿಂತು, ಬಾಯಿಗೂಡೇತಿ ಆದರ ಮೈಗಳ್ಳ ಅಲ್ಲ ಎಂದರು. ಹಲ್ಲೆಲ್ಲ ಬಂದು ವಯಸ್ಸಾಗಿದೆ, ದುಡಿಯುತ್ತದೆ ಎಂದರ್ಥ.

ಕೀಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎದ್ದಿತು. ನಾಗೇಶ ಹತ್ತಿದ. ಮೊದಲು ಮಾಡಿದ ಕೆಲಸ ಗಾಡಿಯನ್ನು ಹಿಂದಕ್ಕೆ ತೆಗೆದದ್ದು. ಕೊಟ್ಟಿಗೆಯಿಂದ ಹೊರಗೆ, ಮತ್ತೆ ಒಳಗೆ, ಮತ್ತೆ ಹೊರಗೆ. ನಾಲ್ಕೂ ಗಾಲಿಗೆ ಎಳೆತ ಕೊಡುವ ಗುಂಡಿ ಒತ್ತಿ ತಿಪ್ಪೆಯ ಮೇಲೆ ಹತ್ತಿಸಿ ಇಳಿಸಿದ. ಅಷ್ಟು ಚೆನ್ನಾಗಿರುವುದನ್ನು ಯಾಕೆ ಮಾರುತ್ತೀರಿ ಎಂದು ನಾನು ಕೇಳದೆ ಇರಲಾಗಲಿಲ್ಲ. ದೋರ್ಜೆ ಅಜ್ಜನಿಗೆ ಸಕ್ಕರೆ ಕಾಯಿಲೆಯಂತೆ.

"ನನಗ ಡಾಕ್ಟರು ನಡೀಬೇಕು ಅಂತಾರ, ಇವಂಗ ನಡೀಬ್ಯಾಡ ಅಂತಾರ," ಎಂದರು ನಾಗೇಶನ ಕೋಲಿನ ಕಡೆ ನೋಡಿ. "ಗಾಡಿ ಯಾರ ಮನ್ಯಾಗ ಇರಬೇಕು ಅನ್ನೂದು ಅಲ್ಲಿಗೆ ಆತಲ್ಲ."

ಆಮೇಲೆ ಬೆಲೆಯ ಮಾತು. ಕಾಕಾ ಹೆಗಲಿನ ಟವೆಲ್ಲು ತೆಗೆದು ಮುಂದೆ ಹಿಡಿದರು. ಎತ್ತಿನ ಸಂತೆಯ ಪದ್ಧತಿ ಅದು. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ದೋರ್ಜೆ ಅಜ್ಜ ಟವೆಲ್ಲು ಬೇಡ ಎಂದರು. ತಮ್ಮ ಹಳೆಯ ಟಿಬೆಟನ್ ಅಂಗಿಯ ಉದ್ದ ತೋಳನ್ನು ಕೈಯ ಮೇಲೆ ಇಳಿಬಿಟ್ಟು, ಇದರೊಳಗೆ ಕೈ ಹಾಕಿರಿ, ನಮ್ಮಪ್ಪ ಕುದುರೆ ವ್ಯಾಪಾರ ಮಾಡುತ್ತಿದ್ದದ್ದು ಹೀಗೇ ಎಂದರು. ಕಾಕಾಗೆ ಅದು ಒಪ್ಪಿಗೆಯಾಗಲಿಲ್ಲ. ಇನ್ನೊಬ್ಬರ ಅಂಗಿಯೊಳಗೆ ಕೈ ಹಾಕುವುದು ಮರ್ಯಾದೆಯಲ್ಲ. ಅಜ್ಜನಿಗೆ ಟವೆಲ್ಲು ತೆಳ್ಳಗಾಯಿತು, ಬೆರಳು ಹೊರಗಿನವರಿಗೆ ಕಾಣುತ್ತದೆ. ಹೊರಗಿನವನು ಎಂದರೆ ನಾನು. ಒಂದು ಸುತ್ತು ಬೆಣ್ಣೆ ಚಹಾ ಆಯಿತು. ಉಪ್ಪು ಹಾಕಿದ ಆ ಚಹಾ ಕುಡಿದ ಮೇಲೆ ಹಳಿಯಾಳದ ಚಹಾಕ್ಕೆ ನಾನು ಅನ್ಯಾಯ ಮಾಡಿದೆನೆನಿಸಿತು. ಕೊನೆಗೆ ಕೈ ತೋಳಿನೊಳಗೆ, ತೋಳಿನ ಮೇಲೆ ಟವೆಲ್ಲು ಎಂದು ರಾಜಿಯಾಯಿತು.

ಇಬ್ಬರು ಮುದುಕರು ಕೈ ಕೈ ಹಿಡಿದು ನಿಂತರು. ಒಬ್ಬರು ಕೋಳಿಯನ್ನು, ಇನ್ನೊಬ್ಬರು ಬಾವುಟವನ್ನು ನೋಡುತ್ತಿದ್ದರು. ಮುಖದಲ್ಲಿ ಯಾವ ಭಾವವೂ ಇಲ್ಲ. ಮೊದಲ ಸಲ ಲೆಕ್ಕ ಕೂಡಲಿಲ್ಲ, ಎರಡು ಕಡೆಯ ಬೆರಳಿನ ಲೆಕ್ಕವೇ ಬೇರೆ. ಕೈ ಹೊರಗೆ ತೆಗೆದು, ಯಾವ ಬೆರಳಿಗೆ ಎಷ್ಟು ಎಂದು ಒಪ್ಪಂದ ಮಾಡಿಕೊಂಡು, ಗಂಭೀರವಾಗಿ ಮತ್ತೆ ಒಳಗೆ ಹಾಕಿದರು. ನಾಗೇಶ ಕೋಲಿನ ಮೇಲೆ ಭಾರ ಹಾಕಿ ಟವೆಲ್ಲನ್ನೇ ನೋಡುತ್ತಿದ್ದ. ಗೇಟಿನ ಕುರ್ಚಿಯೋ ಗುಡ್ಡದ ಬಂಡೆಯೋ ಎಂಬುದು ಆ ತೋಳಿನೊಳಗಿತ್ತು. ಕಾಕಾ ಕೈ ತೆಗೆದು ಬಂದು ಅವನ ಕಿವಿಯಲ್ಲಿ ಹೇಳಿದರು. ಅವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಹೂಂ ಎಂದ. ನನ್ನ ಮುಖ ನೋಡಲಿಲ್ಲ.

ಬೆಲೆ ಎಷ್ಟೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ದಕ್ಕೆ, ನಿಮಗ ಹೇಳಿದ್ರ ಫೋಟೋ ಕತ್ತರಿಸಿ ಎಲ್ಲಾರಿಗೂ ಕಳಸ್ತೀರಿ ಎಂದರು ಕಾಕಾ.

ಮತ್ತೆ ಜೋಯಿಡಾ

ಸೋಮವಾರ ಬೆಳಿಗ್ಗೆ ನೆರೆಯವರು ಮತ್ತಿ ಮರ ಕಡಿದು ಪಕ್ಕಕ್ಕೆ ಸರಿಸಿದ್ದರು. ನಾಗೇಶ ಫೋನು ಮಾಡಿ ಗೇಟಿನ ಕೆಲಸ ಬೇಡ ಎಂದು ಮೊದಲೇ ತಿಳಿಸಿಬಿಟ್ಟ. ಮೊದಲು ಗುಡ್ಡ ಹತ್ತಿ ನೋಡಿ ಆಮೇಲೆ ಹೇಳಬಾರದೇ ಎಂಬ ಮಾತು ನನ್ನ ತುಟಿಯವರೆಗೆ ಬಂತು. ನುಂಗಿಕೊಂಡೆ. ಸುಮಿತ್ರಾ ಈ ಸಲವೂ ಕುಂಕುಮ ಹಚ್ಚಿದಳು, ನಿಂಬೆಹಣ್ಣು ಮಾತ್ರ ಎರಡೇ ಇಟ್ಟಳು. ಅವನು ಹತ್ತಿದ. ಶನಿವಾರದಿಂದ ನನ್ನೊಡನೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡಿರಲಿಲ್ಲ. ನಾನು ನಾಲ್ಕು ಮಾರು ಹಿಂದೆ ನಡೆದೆ.

ತಿರುವು ಬಂತು. ನಮ್ಮ ಹಳೆಯ ಗಾಲಿಯ ಗುಂಡಿಗಳು ಹಾಗೇ ಇದ್ದವು. ಮಣ್ಣಿನ ಬಣ್ಣದ ಗಾಡಿ ಅವುಗಳನ್ನು ದಾಟಿ ಗೊಣಗುತ್ತಾ ಮೇಲೆ ಹೋಯಿತು. ನಾನು ಏದುಸಿರು ಬಿಡುತ್ತಾ ತಲುಪಿದಾಗ ನಾಗೇಶ ಬಂಡೆಯ ಹತ್ತಿರ ಇಂಜಿನ್ ಆರಿಸಿ ಕೂತಿದ್ದ. ಹಕ್ಕಿಗಳ ಕಡೆ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದ: ತಾನಿಲ್ಲದ ಎರಡು ವರ್ಷದಲ್ಲಿ ಎಲ್ಲೆಲ್ಲಿ ಗಿಡ ಬೆಳೆದಿದೆ, ಕಾಡೆಮ್ಮೆ ಎಲ್ಲಿಂದ ದಾಟಿದೆ, ಯಾವ ಕಲ್ಲು ಉರುಳಿದೆ ಎಂದು. ಕೈಯೆತ್ತಿ ಒಂದು ಗೇರಿನ ಟೊಂಗೆಯನ್ನು ಮುಟ್ಟಿದ. ಅವನ ಕಣ್ಣು ತುಂಬಿತ್ತು. ಅಷ್ಟರಲ್ಲಿ ಗಾಳಿ ಸೀಳುವ ಸದ್ದು ಮಾಡುತ್ತಾ ಮೂರು ಮಂಗಟ್ಟೆ ಹಕ್ಕಿಗಳು ನಮ್ಮ ಮೇಲಿಂದ ಹೋದವು. ಈ ಸಲ ನೋಡಿಯೂ ನೋಡದವನಂತೆ ಇರುವ ಸರದಿ ನನ್ನದು.

ಆಮೇಲೆ ಅವನು ಗಾಡಿ ಚಾಲೂ ಮಾಡಿದ. ಬಂಡೆಯ ಮುಂದೆ ತಿರುಗಿಸಲು ಬೇಕಾದಷ್ಟು ಜಾಗವಿತ್ತು. ಆದರೂ ಬೇಕೆಂದೇ ಗಾಡಿಯನ್ನು ಬಂಡೆಯ ಮತ್ತು ಮರದ ನಡುವಿನ ಸಂದಿಯೊಳಗೆ ನುಗ್ಗಿಸಿ, ಹಿಂದಕ್ಕೆ ತೆಗೆದ. ಮತ್ತೊಮ್ಮೆ ನುಗ್ಗಿಸಿದ, ಮತ್ತೊಮ್ಮೆ ತೆಗೆದ. ಮೂರನೆಯ ಸಲ ಹಿಂದಕ್ಕೆ ಬಂದದ್ದು ನೇರವಾಗಿ ನನ್ನ ಕಾಲ ಹತ್ತಿರ. ನಾನು ಗಾಬರಿಯಿಂದ ಪಕ್ಕಕ್ಕೆ ಜಿಗಿದೆ.

"ಹಿಂದಕ ಬರ್ತೈತಿ ಸರ್," ಎಂದ.

ಸೀಟಿನ ಮೇಲೆ ಮುಂದಕ್ಕೆ ಸರಿದು ಹಿಂದೆ ಜಾಗ ಮಾಡಿದ.

"ಹತ್ರಿ. ಗಟ್ಟಿ ಹಿಡಕೊಂಡು ಕೂಡ್ರಿ, ಏನೂ ಸಲಹಾ ಕೊಡಬ್ಯಾಡ್ರಿ."

ಹತ್ತಿ ಕೂತು ಅವನ ಭುಜ ಹಿಡಿದುಕೊಂಡೆ. ಮನೆ ಬರುವವರೆಗೂ ಬಾಯಿ ಬಿಡಲಿಲ್ಲ.